ಸರ್ ಜೆಫ್ರಿ ಟೇಲರ್ ಮತ್ತು ನೀರಿನ ಹನಿ

ಜೆಫ್ರಿ ಇಂಗ್ರಾಮ್ ಟೇಲರರು 1886ನೆಯ ಇಸವಿ ಮಾರ್ಚ್ 7ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಚಿತ್ರಕಾರರು. ತಾಯಿ ಮಾರ್ಗರೆಟ್, ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದ ಜಾರ್ಜ್ ಬೂಲರ ಮಗಳು. ಅಜ್ಜಿ ಮೇರಿಯಾದರೋ ಜಾರ್ಜ್ ಎವರೆಸ್ಟರ ಸಹೋದರನ ಮಗಳು. ಕನ್ಯಾಕುಮಾರಿಯ ತುದಿಯಿಂದ ಹಿಮಾಲಯದ ಬುಡದವರೆಗೆ ನಮ್ಮ ದೇಶವನ್ನು ಅಳೆದ ಮಹಾಕಾರ್ಯದಲ್ಲಿ ಮುಖ್ಯಸ್ಥರಾಗಿದ್ದ ಎವರೆಸ್ಟರು ಇವರೇ. ಇಂಥ ಮನೆತನದಲ್ಲಿ ಹುಟ್ಟಿದವರು ವಿದ್ವಾಂಸರಾದುದರಲ್ಲಿ ಆಶ್ಚರ್ಯವೇನು ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಆ ವಂಶವೃಕ್ಷವನ್ನು ಓದುವಾಗ ಸ್ವಲ್ಪ ಅಸೂಯೆಯೂ ಆಯಿತೆಂದು ಹೇಳಿಬಿಡುತ್ತೇನೆ.

ಅವರು 1905ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. 1909ರಲ್ಲಿ ಪ್ರಕಟವಾದ ಮೊದಲ ಪ್ರಯೋಗವೇ ಸ್ವಾರಸ್ಯವಾದುದು. ಅತಿ ಮಂದವಾದ ಬೆಳಕಿನಲ್ಲಿ ಸೂಜಿಯೊಂದರ ನೆರಳನ್ನು ಛಾಯಾಫಲಕದ ಮೇಲೆ ಹಿಡಿಯಲು ಸುಮಾರು ಮೂರು ತಿಂಗಳು ಬೇಕಾಯಿತು. ಆ ಅವಧಿಯಲ್ಲಿ ಅವರು ಹಾಯಿದೋಣಿ ಹತ್ತಿ ವಿಹಾರಕ್ಕೆ ಹೋಗಿದ್ದರೆಂದು ಪ್ರತೀತಿ. ದೋಣಿಯ ಹುಚ್ಚು ಅವರನ್ನು ಕಡೆಯವರೆಗೂ ಬಿಡಲಿಲ್ಲ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಮರುವರ್ಷ ನೀರ್ಗಲ್ಲುಗಳ ಮೇಲೆ ಕಣ್ಣಿಡಲು ಹೊರಟ ಸ್ಕೋಷಿಯಾ ಎಂಬ ಹಡಗಿನಲ್ಲಿ ಹವಾಮಾನಶಾಸ್ತ್ರಜ್ಞರಾಗಿ ಹೋಗಿ, ಗಾಳಿಪಟ ಹಾರಿಸಿ ಗಾಳಿಯ ಶಾಖವನ್ನೂ ವೇಗವನ್ನೂ ಅಳೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಮೇಲೆ ಕೆಲಸ ಮಾಡಬೇಕಾಗಿ ಬಂದಾಗ ತಾವೇ ವಿಮಾನ ಹಾರಿಸಲು ಕಲಿತರು. 1933ರಲ್ಲಿ ಸಣ್ಣ ದೋಣಿಗಳಿಗೆ ಹೊಸ ಬಗೆಯ ಲಂಗರನ್ನೂ ರಚಿಸಿದರು. ಎರಡನೆಯ ಯುದ್ಧದಲ್ಲಿ ಅಣುಬಾಂಬಿನ ಕೆಲಸಕ್ಕೂ ಅವರ ನೆರವು ಸಂದಿತು; 1945ರ ಜುಲೈ 16ರಂದು ನಡೆದ ಮೊದಲ ಸ್ಫೋಟವನ್ನು ಅವರು ಕಣ್ಣಾರೆ ಕಂಡರು. ಅವರ ಚರಿತ್ರೆಯ ಈ ಭಾಗ ನನಗೆ ರುಚಿಸದು.

ನಾನು ಹೇಳಹೊರಟಿರುವುದು ಒಂದು ಹನಿಯ ಕಥೆ. ನಮ್ಮ ಹೆಗ್ಗದ್ದೆಯ ಕಡೆ ಕಾಫಿಗೆ ಹೂಮಳೆ ಬರುವಾಗ ಗುಡುಗು ಮಿಂಚುಗಳೂ ಜೊತೆಗೇ ಬರುತ್ತವೆ. ಅಂಥ ಮೋಡದೊಳಗೆ ವಿದ್ಯುತ್ತಿನ ಸೆಳೆತಕ್ಕೆ ಸಿಕ್ಕಿದ ನೀರಿನ ಹನಿಯ ಗತಿಯೇನು? 1925ರಲ್ಲಿಯೇ ವಿಲ್ಸನ್ ಎಂಬ ವಿಜ್ಞಾನಿಯೊಡನೆ ಸೋಪಿನ ಗುಳ್ಳೆಗಳನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು ಒಡೆದು ನೋಡಿದ್ದ ಟೇಲರರು, 1952ರಲ್ಲಿ ನಿವೃತ್ತರಾದ ಮೇಲೆ ಮತ್ತೆ ಅದೇ ಪ್ರಶ್ನೆಗೆ ಮರಳಿದರು. 1964ರಲ್ಲಿ ಉತ್ತರ ಪ್ರಕಟವಾಯಿತು. ಆಗ ಅವರಿಗೆ 78 ವರ್ಷ! ಹನಿಯ ಮೇಲ್ಮೈ ಅದನ್ನು ದುಂಡಗೆ ಹಿಡಿದಿಡಲು ಯತ್ನಿಸುತ್ತದೆ. ವಿದ್ಯುತ್ತು ಹೊರಕ್ಕೆ ಎಳೆಯುತ್ತದೆ. ಈ ಹಗ್ಗಜಗ್ಗಾಟದಲ್ಲಿ ಹನಿಯ ತುದಿ ಚೂಪಾಗಿ ಶಂಕುವಿನ ಆಕಾರ ತಾಳುತ್ತದೆ. ಶಂಕುವಿನ ನಡುಗೆರೆಗೂ ಪಕ್ಕಕ್ಕೂ ನಡುವಿನ ಕೋನ 49.3 ಡಿಗ್ರಿಯೆಂದು ಅವರು ಲೆಕ್ಕ ಹಾಕಿ ತೋರಿಸಿದರು. ಸೆಳೆತ ಇನ್ನೂ ಬಲವಾದರೆ ಆ ತುದಿಯಿಂದ ಕೂದಲಿಗಿಂತ ತೆಳುವಾದ ಧಾರೆ ಚಿಮ್ಮುತ್ತದೆ.

ಈ ಧಾರೆಯಿಂದ ನೂಲು ತೆಗೆಯಬಹುದೆಂಬುದು ಹೊಸ ವಿಚಾರವಲ್ಲ. ಆಂಟನ್ ಫಾರ್ಮ್‌ಹಾಲ್ಸ್ ಎಂಬವರು 1934ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಧಾರೆ ಹುಟ್ಟುವ ತುದಿಯ ಗಣಿತವನ್ನು ತಿಳಿಸಿದವರು ಟೇಲರರು. ಇಂದು ಪ್ರಯೋಗಶಾಲೆಗಳಲ್ಲಿ ಪಾಲಿಮರನ್ನೂ, ಅಂದರೆ ಹತ್ತಿ ರೇಷ್ಮೆಗಳಂತೆ ಸಣ್ಣ ಅಣುಗಳು ಸರಪಳಿಯಾಗಿ ಕೂಡಿದ ವಸ್ತುವನ್ನೂ, ಔಷಧವನ್ನೂ ಒಂದೇ ದ್ರವದಲ್ಲಿ ಕರಗಿಸಿ ಸಿರಿಂಜಿನಲ್ಲಿ ತುಂಬುತ್ತಾರೆ. ಸೂಜಿಗೆ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಹಾಯಿಸಿದಾಗ ತುದಿಯಲ್ಲಿ ಟೇಲರ್ ಶಂಕು ಮೂಡಿ, ಧಾರೆ ಹಾರುತ್ತ ಹಾರುತ್ತಲೇ ಒಣಗಿ, ಎದುರಿನ ತಗಡಿನ ಮೇಲೆ ಬಟ್ಟೆಯಂತೆ ಕೂಡುತ್ತದೆ. ಅದರ ಎಳೆಯ ದಪ್ಪ ಹಲವೊಮ್ಮೆ ಕೆಲವು ನೂರು ನ್ಯಾನೊಮೀಟರು ಮಾತ್ರ. ನಮ್ಮ ತಲೆಗೂದಲು ಸುಮಾರು 80,000.

ಇದನ್ನು ನುಂಗಿಸುವುದೇಕೆ? ನಮ್ಮ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ. ತೋಟದ ಕೆಲಸಕ್ಕೆ ಹೋದವರು ಮಾತ್ರೆಯ ಹೊತ್ತನ್ನು ಮರೆಯುತ್ತಾರೆ. ಅವ್ವ ಬುತ್ತಿಯ ಜೊತೆ ಕಟ್ಟಿಕೊಟ್ಟದ್ದು ಹಾಗೇ ಸಂಜೆ ಮನೆಗೆ ಬರುತ್ತದೆ. ದಿನಕ್ಕೊಂದು ಮಾತ್ರೆ ಸಾಲದೇ ಎಂಬ ಅವರ ಪ್ರಶ್ನೆಯೇ ನನ್ನನ್ನು ಈ ಓದಿಗೆ ಹಚ್ಚಿತು. ಊಟವಾದ ಮೇಲೆ ಜಠರ ಕೆಲವು ಗಂಟೆಗಳಲ್ಲಿ ಬರಿದಾಗುತ್ತದೆ. ಹಸಿದ ಹೊಟ್ಟೆಯಲ್ಲಾದರೋ ಒಂದೂವರೆ ಎರಡು ಗಂಟೆಗೊಮ್ಮೆ ಬಲವಾದ ಅಲೆಯೆದ್ದು, ಉಳಿದುದನ್ನೆಲ್ಲ ಗುಡಿಸಿ ಕರುಳಿಗೆ ತಳ್ಳುತ್ತದೆ. ಮೆಟ್‌ಫಾರ್ಮಿನ್‌ನಂಥ ಔಷಧವು ಮುಖ್ಯವಾಗಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ ರಕ್ತಕ್ಕೆ ಸೇರತಕ್ಕದ್ದು. ಅದನ್ನು ದಾಟಿ ಹೋದ ಪಾಲು ಬಹುಮಟ್ಟಿಗೆ ವ್ಯರ್ಥ. ಆದ್ದರಿಂದ ಔಷಧವನ್ನು ಜಠರದಲ್ಲಿಯೇ ತಡೆದು ಮೆಲ್ಲಮೆಲ್ಲನೆ ಕೆಳಕ್ಕೆ ಬಿಡಬೇಕು. ನೀರು ಹೀರಿ ಉಬ್ಬಿ ನಿಲ್ಲುವ ಮಾತ್ರೆಗಳು ಈಗಾಗಲೇ ಬಂದಿವೆ. ನೂಲಿನ ಹಾಸಾದರೆ ಒಳಗೆಲ್ಲ ಗಾಳಿಯಿರುವುದರಿಂದ ಜಠರರಸದ ಮೇಲೆ ತೇಲುವಂತೆ ಮಾಡಬಹುದು. ಸೀಗಡಿಯ ಚಿಪ್ಪಿನಿಂದ ಬರುವ ಕೈಟೋಸಾನ್‌ನಿಂದ ನೂತರೆ ಜಠರದ ಲೋಳೆಗೆ ಅಂಟಿಕೊಳ್ಳುತ್ತದೆ.

ಟೇಲರರ ಲಕ್ಷ್ಯವೆಲ್ಲ ಇದ್ದುದು ಗುಡುಗಿನ ಮೋಡದ ಮೇಲೆ. 1969ರಲ್ಲಿ, 83ರ ವಯಸ್ಸಿನಲ್ಲಿ, ವಿದ್ಯುತ್ತು ನಡೆಸುವ ಧಾರೆಗಳ ಬಗ್ಗೆ ಇನ್ನೊಂದು ಲೇಖನ ಬರೆದರು. 1972ರಲ್ಲಿ ಪಾರ್ಶ್ವವಾಯು ಬಡಿಯಿತು. 1975ರ ಜೂನ್ 27ರಂದು ಕೇಂಬ್ರಿಜ್ಜಿನಲ್ಲಿ ತೀರಿಕೊಂಡರು. ಜಠರದ ನೂಲಿನ ಕೆಲಸವಾದರೋ ಇನ್ನೂ ಬಹುಪಾಲು ಪ್ರಯೋಗಶಾಲೆಯ ಬಾಗಿಲು ದಾಟಿಲ್ಲ. ಒಂದು ಸೂಜಿಯಿಂದ ಗಂಟೆಗೆ ಸಿಗುವ ನೂಲು ಬಹಳ ಅಲ್ಪ. ಅದಕ್ಕಾಗಿ ಹಲವು ಸೂಜಿಗಳನ್ನು ಸಾಲಾಗಿ ಜೋಡಿಸುತ್ತಾರೆ. ಆಗ ಒಂದರ ವಿದ್ಯುತ್ತು ಪಕ್ಕದ್ದನ್ನು ಕೆಡಿಸದಂತೆ, ಒಂದೊಂದರ ತುದಿಯಲ್ಲೂ ಆ ಶಂಕು ಅಲುಗದೆ ನಿಲ್ಲುವಂತೆ ನೋಡಿಕೊಳ್ಳಬೇಕು.