ನಾಯಿಗಳಿಗೆ ಶಿಷ್ಯರಾದ ಗುರು: ಇವಾನ್ ಪಾವ್ಲೋವ್

ಮಹಾಪುರುಷರ ಜೀವನಚರಿತ್ರೆಗಳನ್ನು ಓದುವುದರಿಂದ ನಮ್ಮ ನಡತೆ ತಿದ್ದುತ್ತದೆಂದು ಹಿರಿಯರು ಹೇಳುವುದುಂಟು. ಈ ಮಾತು ನನ್ನ ವಿಷಯದಲ್ಲಿ ಹೇಗೆ ನಿಜವಾಯಿತೆಂಬುದನ್ನು ಹೇಳಿದರೆ ವಾಚಕರು ನಗಬಹುದು. ಒಬ್ಬ ವಿಜ್ಞಾನಿಯ ಚರಿತ್ರೆಯನ್ನು ಓದಿ ನಾನು ತಿದ್ದಿಕೊಂಡದ್ದು ನನ್ನ ಮನೆಯ ನಾಯಿಯ ವಿಷಯದಲ್ಲಿ. ಆ ನಾಯಿಯ ಹೆಸರು ಭೈರ. ಆ ವಿಜ್ಞಾನಿಯ ಹೆಸರು ಇವಾನ್ ಪೆಟ್ರೋವಿಚ್ ಪಾವ್ಲೋವ್. ಇಬ್ಬರ ಕಥೆಯನ್ನೂ ಕೂಡಿಸಿಯೇ ಹೇಳುವುದು ನನಗೆ ಅನಿವಾರ್ಯವಾಗಿದೆ.

ನಮ್ಮ ಮನೆ ನ್ಯಾಮತಿಯಲ್ಲಿದೆ. ಭೈರ ಹುಟ್ಟಿದ್ದು ಜಗಳೂರು ಸೀಮೆಯ ಒಂದು ಕುರಿಹಟ್ಟಿಯಲ್ಲಿ. ನಾನು ಕಂಡಂತೆ ಅಲ್ಲಿಯ ಕುರಿಗಾಹಿಗಳು ನಾಯಿಮರಿಗೆ ಪ್ರತ್ಯೇಕವಾಗಿ ಪಾಠ ಹೇಳುವುದಿಲ್ಲ. ಕಣ್ಣು ಬಿಟ್ಟ ಕೆಲವು ವಾರಗಳಿಗೇ ಅದನ್ನು ಕುರಿಮರಿಗಳ ನಡುವೆ ಬಿಡುತ್ತಾರೆ. ದೊಡ್ಡ ನಾಯಿಯ ಹಿಂದೆ ಓಡಾಡುತ್ತ, ಮುದ್ದೆ ತಿನ್ನುತ್ತ, ಅದು ಮಂದೆಯನ್ನೇ ತನ್ನ ಬಳಗವೆಂದು ತಿಳಿದು ಬೆಳೆಯುತ್ತದೆ. ಚನ್ನಗಿರಿಯ ಬಳಿ ಅಡಕೆ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪನವರ ಪದ್ಧತಿ ಬೇರೆ. ಹಗಲು ಕಟ್ಟಿ, ರಾತ್ರಿ ಬಿಚ್ಚಿ, ಅನ್ನವನ್ನು ಒಬ್ಬರ ಕೈಯಿಂದಲೇ ಹಾಕಿಸುವುದು ಅವರ ಕ್ರಮ. ಹೊನ್ನಾಳಿಯಲ್ಲಿ ನಮಗೆ ಪರಿಚಿತರಾದ ನಿವೃತ್ತ ಸಿಪಾಯಿಯೊಬ್ಬರು ಬೆಳಗಾಗುತ್ತಲೇ ತಮ್ಮ ನಾಯಿಯನ್ನು ತುಂಗಭದ್ರೆಯ ದಡಕ್ಕೆ ಕರೆದೊಯ್ದು, ಕೂರು, ನಿಲ್ಲು, ನಡೆ ಎಂದು ಕವಾಯತು ಮಾಡಿಸುತ್ತಾರೆ. ನನ್ನ ಪದ್ಧತಿಯೋ ಇವೆಲ್ಲಕ್ಕಿಂತ ಸುಲಭವಾದದ್ದು: ಕೈಯಲ್ಲೊಂದು ಕೋಲು.

ಭೈರನು ಕೋಳಿಯನ್ನು ಅಟ್ಟಿಸಿಕೊಂಡು ಹೋದರೆ ನಾನು ಬಾ ಎಂದು ಕರೆಯುವೆನು. ಬಾಲವಾಡಿಸುತ್ತ ಬಂದರೆ ಬೆನ್ನಿಗೆರಡು ಬಿಡುವೆನು. ತಿಂಗಳೊಳಗೆ ಅದಕ್ಕೆ ನನ್ನ ಕರೆ ಕೇಳಿದರೆ ಸಾಕು, ಹಿತ್ತಲ ಬೇಲಿ ಹಾರಿ ಕಣ್ಮರೆಯಾಗತೊಡಗಿತು. ಒಂದು ದಿನ ಪಕ್ಕದ ಮನೆಯವರ ಮೊಟ್ಟೆಯಿಡುವ ಕೋಳಿಯನ್ನೇ ಕೊಂದಿತು. ಅಪ್ಪ ಕೋಳಿಯ ಬೆಲೆ ತೆತ್ತು, ಇನ್ನೊಂದು ತಿಂಗಳಲ್ಲಿ ನಾಯಿ ಮಾತು ಕೇಳುವಂತಾಗದಿದ್ದರೆ ಅದನ್ನು ದೂರದ ಸಂತೆಯಲ್ಲಿ ಬಿಟ್ಟುಬರುವುದಾಗಿ ಖಂಡಿತವಾಗಿ ಹೇಳಿದರು. ಅಜ್ಜಿ ಅಂದು ಊಟ ಮಾಡಲಿಲ್ಲ. ಆ ದಿನಗಳಲ್ಲಿಯೇ ಕಾಲೇಜಿನಲ್ಲಿ ಮನಃಶಾಸ್ತ್ರದ ಪಾಠಕ್ಕಾಗಿ ಪಾವ್ಲೋವರ ವಿಷಯವನ್ನು ಓದಬೇಕಾಗಿ ಬಂತು. ಪರೀಕ್ಷೆಗೆಂದು ತೆರೆದ ಪುಸ್ತಕವನ್ನು ನಾಯಿಗಾಗಿ ಓದಿ ಮುಗಿಸಿದೆ.

ಪಾವ್ಲೋವ್ ಅವರು ೧೮೪೯ನೆಯ ಇಸವಿ ಸೆಪ್ಟೆಂಬರ್ ೨೬ರಂದು ರಷ್ಯಾದೇಶದ ರ್‍ಯಜಾನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿಗಳು. ಮನೆಯ ತುಂಬ ಮಕ್ಕಳು. ಅವರಲ್ಲಿ ಇವಾನನೇ ಹಿರಿಯ. ಬಾಲ್ಯದಲ್ಲಿ ಎತ್ತರದಿಂದ ಬಿದ್ದು ಬಹುಕಾಲ ಅಸ್ವಸ್ಥನಾಗಿದ್ದುದರಿಂದ ಹನ್ನೊಂದನೆಯ ವಯಸ್ಸಿನವರೆಗೆ ಶಾಲೆಯ ಮುಖವನ್ನೇ ಕಾಣಲಿಲ್ಲ. ಮಗನೂ ತಮ್ಮಂತೆ ಪಾದ್ರಿಯಾಗಲೆಂದು ತಂದೆ ಧರ್ಮಪಾಠಶಾಲೆಗೆ ಸೇರಿಸಿದರು. ಆದರೆ ಅಲ್ಲಿ ಆ ಹುಡುಗನ ಕೈಗೆ ಸೆಚೆನೋವ್ ಎಂಬ ಶರೀರಶಾಸ್ತ್ರಜ್ಞರು ಮೆದುಳಿನ ಪ್ರತಿಕ್ರಿಯೆಗಳನ್ನು ಕುರಿತು ಬರೆದ ಗ್ರಂಥ ಸಿಕ್ಕಿತು. ಮನಸ್ಸಿನ ವ್ಯಾಪಾರವನ್ನೂ ಪ್ರಯೋಗದಿಂದ ಅರಿಯಬಹುದೆಂಬ ವಿಚಾರ ಅವನನ್ನು ಸೆರೆಹಿಡಿಯಿತು. ೧೮೭೦ರಲ್ಲಿ ಧರ್ಮಪಾಠಶಾಲೆಯನ್ನು ಅರ್ಧಕ್ಕೆ ಬಿಟ್ಟು, ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನದ ವಿದ್ಯಾರ್ಥಿಯಾದರು.

ಮುಂದಿನ ಇಪ್ಪತ್ತು ವರ್ಷಗಳು ಬಡತನದ ವರ್ಷಗಳು. ವೈದ್ಯಶಿಕ್ಷಣ ಮುಗಿಸಿ, ೧೮೮೧ರಲ್ಲಿ ಸೆರಾಫಿಮಾ ಎಂಬ ಕನ್ಯೆಯನ್ನು ವಿವಾಹವಾದರು. ಸಂಪಾದನೆ ಸಂಸಾರಕ್ಕೆ ಸಾಲದಾಗಿತ್ತು. ಚೊಚ್ಚಲ ಮಗು ತೀರಿಕೊಂಡಿತು. ಆದರೂ ಪ್ರಯೋಗಶಾಲೆಯನ್ನು ಬಿಡಲಿಲ್ಲ. ೧೮೮೪ರಿಂದ ೧೮೮೬ರವರೆಗೆ ಜರ್ಮನಿಯಲ್ಲಿ ಲೂಡ್ವಿಗ್ ಮತ್ತು ಹೈಡನ್‌ಹೈನ್ ಎಂಬ ಪಂಡಿತರಲ್ಲಿ ಅಭ್ಯಾಸ ಮಾಡಿ ಬಂದರು. ೧೮೯೦ರಲ್ಲಿ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು. ಮರುವರ್ಷ ಪ್ರಾಯೋಗಿಕ ವೈದ್ಯ ಸಂಸ್ಥೆಯ ಶರೀರಶಾಸ್ತ್ರ ವಿಭಾಗ ಅವರ ಕೈಗೆ ಬಂತು. ಅಲ್ಲಿಂದ ಮುಂದಕ್ಕೆ ಸುಮಾರು ನಲವತ್ತೈದು ವರ್ಷಗಳ ಕಾಲ ಅವರ ದಿನಗಳು ನಾಯಿಗಳ ನಡುವೆಯೇ ಕಳೆದವು.

ಮೊದಲು ಅವರು ಹಿಡಿದ ವಿಷಯ ಜೀರ್ಣಕ್ರಿಯೆ. ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ನುಂಗಿದ ಆಹಾರ ಹೊಟ್ಟೆಗೆ ಹೋಗದೆ ಕತ್ತಿನಿಂದಲೇ ಹೊರಬೀಳುವಂತೆ ಮಾಡಿದರು. ಆಶ್ಚರ್ಯವೆಂದರೆ, ಒಂದು ತುತ್ತೂ ಒಳಗೆ ಹೋಗದಿದ್ದರೂ ಹೊಟ್ಟೆಯಲ್ಲಿ ಜಠರರಸ ಒಸರುತ್ತಿತ್ತು. ನರಗಳ ಮೂಲಕ ಹೊಟ್ಟೆಗೆ ಆಜ್ಞೆ ಹೋಗುವುದೆಂಬುದು ಇದರಿಂದ ಸಿದ್ಧವಾಯಿತು. ಈ ಸಂಶೋಧನೆಗಾಗಿ ೧೯೦೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ರಷ್ಯಾಕ್ಕೆ ಬಂದ ಮೊದಲ ನೊಬೆಲ್ ಅದೇ.

ಆದರೆ ಜಗತ್ತು ಅವರನ್ನು ನೆನೆಯುವುದು ಇದಕ್ಕಾಗಿ ಅಲ್ಲ, ಕೆಲವು ಹನಿ ಜೊಲ್ಲಿಗಾಗಿ. ಆಹಾರ ಬಾಯಿಗೆ ಬೀಳುವ ಮೊದಲೇ, ತಟ್ಟೆಯನ್ನು ಕಂಡೊಡನೆ ನಾಯಿಯ ಬಾಯಲ್ಲಿ ನೀರೂರುತ್ತಿತ್ತು. ಬೇರೆಯವರು ನಕ್ಕು ಸುಮ್ಮನಾಗಬಹುದಾಗಿದ್ದ ಈ ಸಂಗತಿಯನ್ನು ಪಾವ್ಲೋವ್ ಅವರು ಬಿಡಲಿಲ್ಲ. ತಾಳ ಹಾಕುವ ಮೆಟ್ರೋನೋಮ್ ಯಂತ್ರವನ್ನು ಬಡಿಸಿ, ಒಡನೆ ಆಹಾರ ಕೊಟ್ಟರು. ಹೀಗೆ ಹಲವು ಬಾರಿ ಮಾಡಿದ ಮೇಲೆ ಬರಿಯ ತಾಳಕ್ಕೇ ಜೊಲ್ಲು ಸುರಿಯಿತು. ನಮ್ಮ ಪುಸ್ತಕಗಳಲ್ಲಿ ಗಂಟೆಯ ಮಾತೇ ಪ್ರಸಿದ್ಧವಾಗಿದ್ದರೂ ಅವರು ತಾಳ, ಗುಂಯ್‌ಗುಡುವ ಯಂತ್ರ, ದೀಪ, ಸ್ಪರ್ಶ ಹೀಗೆ ನಾನಾ ಸಂಕೇತಗಳನ್ನು ಬಳಸಿದರು. ಹೀಗೆ ಕಲಿತು ಬಂದ ಪ್ರತಿಕ್ರಿಯೆಗೆ ಅನುಬಂಧಿತ ಪ್ರತಿಕ್ರಿಯೆಯೆಂದು ಹೆಸರು. ೧೯೦೩ರಲ್ಲಿ ಮ್ಯಾಡ್ರಿಡ್ ನಗರದ ವೈದ್ಯ ಸಮ್ಮೇಳನದಲ್ಲಿ ಈ ವಿಚಾರವನ್ನು ಅವರು ಲೋಕದ ಮುಂದಿಟ್ಟರು.

ಇಲ್ಲಿ ನನಗೆ ಮೊದಲನೆಯ ಪೆಟ್ಟು ಬಿತ್ತು. ಸಂಕೇತ ಮುಂದೆ ಬರಬೇಕು, ಫಲ ಅದರ ಹಿಂದೆಯೇ ಬರಬೇಕು. ಆಗ ಸಂಕೇತವೇ ಫಲದ ರುಚಿಯನ್ನು ಪಡೆಯುತ್ತದೆ. ನಾನು ಬಾ ಎಂದೆ; ಅದರ ಹಿಂದೆ ಕೋಲಿನ ಏಟು ಕೊಟ್ಟೆ. ಹಾಗಾದರೆ ಭೈರ ಅವಿಧೇಯನಾಗಿರಲಿಲ್ಲ. ನಾನು ಕಲಿಸಿದ್ದನ್ನು ಚೆನ್ನಾಗಿಯೇ ಕಲಿತಿದ್ದ. ನನ್ನ ಪಾಲಿಗೆ ಬಾ ಎಂಬುದು ಕರೆ. ಅವನ ಪಾಲಿಗೆ ಅದು ಏಟಿನ ಮುನ್ಸೂಚನೆ.

ಪಾವ್ಲೋವ್ ಅವರು ನಾಯಿ ಪಳಗಿಸುವ ಕೈಪಿಡಿಯನ್ನೇನೂ ಬರೆದವರಲ್ಲ. ಆ ಕೆಲಸ ಮಾಡಿದವರು ಬೇರೆ. ಜರ್ಮನಿಯ ಪೋಲೀಸು ನಾಯಿಗಳ ಶಿಕ್ಷಕರಾಗಿದ್ದ ಕೊನ್ರಾಡ್ ಮೋಸ್ಟ್ ೧೯೧೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಹುಮಾನದ ಜೊತೆಗೆ ಬಲಾತ್ಕಾರಕ್ಕೂ ದೊಡ್ಡ ಸ್ಥಾನವಿತ್ತು. ಅಮೆರಿಕದ ಸ್ಕಿನ್ನರ್ ಅವರು ೧೯೫೧ರಲ್ಲಿ ಬರೆದ ಲೇಖನವೊಂದರಲ್ಲಿ, ಒಂದು ಸಣ್ಣ ಸದ್ದನ್ನು ತಿಂಡಿಯೊಡನೆ ಕೂಡಿಸಿ, ನಾಯಿ ಸರಿಯಾದದ್ದನ್ನು ಮಾಡಿದ ಕ್ಷಣದಲ್ಲಿಯೇ ಆ ಸದ್ದು ಮಾಡಿ ಕಲಿಸುವ ಕ್ರಮವನ್ನು ವಿವರಿಸಿದರು. ಸದ್ದಿಗೆ ತಿಂಡಿಯ ಬೆಲೆ ಬರುವುದು ಪಾವ್ಲೋವರು ತೋರಿಸಿದ ನಿಯಮದಿಂದಲೇ.

ನಾನು ಕೋಲನ್ನು ಅಟ್ಟಕ್ಕೆ ಹಾಕಿದೆ. ಕೆಟ್ಟುಹೋದ ಬಾ ಎಂಬ ಮಾತನ್ನು ಬಿಟ್ಟು, ನಾಲಗೆಯಿಂದ ಎರಡು ಬಾರಿ ಲೊಚಗುಟ್ಟುವುದನ್ನು ಹೊಸ ಸಂಕೇತ ಮಾಡಿಕೊಂಡೆ. ಮೊದಲು ಭೈರ ಎದುರಿಗೆ ಕುಳಿತಿದ್ದಾಗಲೇ ಲೊಚಗುಟ್ಟಿ ರೊಟ್ಟಿಯ ಚೂರು ಕೊಟ್ಟೆ. ಆಮೇಲೆ ನಾಲ್ಕು ಹೆಜ್ಜೆ ದೂರದಿಂದ, ಆಮೇಲೆ ಹಿತ್ತಲಿನಿಂದ, ಕಡೆಗೆ ಕೋಳಿಗಳು ದೂರದಲ್ಲಿ ಕಾಣುವಾಗ ಉದ್ದ ಹಗ್ಗ ಕಟ್ಟಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ.

ಮೂರನೆಯ ವಾರದಲ್ಲಿ ಮತ್ತೊಂದು ತೊಡಕು ಹುಟ್ಟಿತು. ಭೈರ ಜಗಲಿಯ ಮೆಟ್ಟಿಲ ಬಳಿ ನಿಂತು ನಡುಗುವುದು, ಸುಮ್ಮನೆ ಕುಂಯ್‌ಗುಡುವುದು, ನನ್ನ ತಂಗಿ ಹತ್ತಿರ ಹೋದರೆ ಹಲ್ಲು ಕಿರಿಯುವುದು ಮೊದಲಾಯಿತು. ಇದಕ್ಕೂ ಪಾವ್ಲೋವರ ಪ್ರಯೋಗಶಾಲೆಯಲ್ಲಿಯೇ ಉತ್ತರ ಸಿಕ್ಕಿತು. ಅಲ್ಲಿ ಒಂದು ನಾಯಿಗೆ ವೃತ್ತ ತೋರಿಸಿದಾಗ ಆಹಾರ ಕೊಟ್ಟು, ಅಂಡಾಕೃತಿ ತೋರಿಸಿದಾಗ ಕೊಡದೆ ಕಲಿಸಿದ್ದರು. ಅದು ಎರಡನ್ನೂ ಚೆನ್ನಾಗಿ ಗುರುತಿಸುತ್ತಿತ್ತು. ಅಂಡಾಕೃತಿಯನ್ನು ಸ್ವಲ್ಪಸ್ವಲ್ಪವಾಗಿ ದುಂಡಗೆ ಮಾಡುತ್ತ ಹೋಗಿ, ಅದರ ಉದ್ದಗಲಗಳು ೯ಕ್ಕೆ ೮ ಆದಾಗ ನಾಯಿಗೆ ವ್ಯತ್ಯಾಸ ತಿಳಿಯದಾಯಿತು. ಶಾಂತವಾಗಿದ್ದ ಪ್ರಾಣಿ ಕಿರಿಚಿತು, ಒದ್ದಾಡಿತು, ಉಪಕರಣಗಳನ್ನು ಕಚ್ಚಿತು. ಮೊದಲು ಬರುತ್ತಿದ್ದ ಸುಲಭ ಪಾಠವನ್ನೂ ಮರೆಯಿತು. ಅದನ್ನು ಯಾರೂ ಹೊಡೆದಿರಲಿಲ್ಲ. ಯಾವುದಕ್ಕೆ ಯಾವ ಫಲವೆಂದು ತಿಳಿಯದೆ ಹೋದದ್ದೇ ಅದರ ಸಂಕಟ.

ನಮ್ಮ ಮನೆಯಲ್ಲಿಯೂ ನಡೆದಿದ್ದುದು ಇದೇ. ಜಗಲಿ ಹತ್ತಿದರೆ ಅಪ್ಪ ಗದರುವರು. ಅದೇ ಜಗಲಿಗೆ ಅಜ್ಜಿ ಕರೆದು ಮೊಸರನ್ನ ಇಡುವರು. ಆ ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಕೂರಿಸಿ ಈ ವೃತ್ತದ ಕಥೆಯನ್ನು ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ ಅಜ್ಜಿಯೇ ತೀರ್ಪು ಕೊಟ್ಟರು: ಭೈರನ ಜಾಗ ಜಗಲಿಯ ಕೆಳಗೆ, ಗೋಣಿಚೀಲದ ಮೇಲೆ, ಅನ್ನವೂ ಅಲ್ಲಿಯೇ, ಬೇಡವೆನ್ನುವುದಕ್ಕೆ ಮನೆಮಂದಿಗೆಲ್ಲ ಒಂದೇ ಮಾತು. ಕೆಲವು ದಿನಗಳಲ್ಲಿ ನಡುಕ ನಿಂತಿತು. ಅಪ್ಪ ಹೇಳಿದ್ದ ಗಡುವು ಯಾವಾಗ ಕಳೆಯಿತೋ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಪಾವ್ಲೋವರ ಕಡೆಯ ವರ್ಷಗಳು ಕೋಲಾಹಲದವು. ೧೯೧೭ರ ಕ್ರಾಂತಿಯ ನಂತರದ ಕ್ಷಾಮದಲ್ಲಿ ಪ್ರಯೋಗಶಾಲೆಯ ನಾಯಿಗಳು ಹಸಿವಿನಿಂದ ಸತ್ತವು. ಅವರು ದೇಶ ಬಿಟ್ಟು ಹೋಗುವ ಯೋಚನೆ ಮಾಡಿದಾಗ, ೧೯೨೧ರಲ್ಲಿ ಲೆನಿನ್ ಅವರು ವಿಶೇಷ ಆಜ್ಞೆ ಹೊರಡಿಸಿ ಸಂಶೋಧನೆಗೆ ಸೌಕರ್ಯ ಒದಗಿಸಿದರು. ಹಾಗಿದ್ದರೂ ಸರ್ಕಾರದ ತಪ್ಪನ್ನು ಬಹಿರಂಗವಾಗಿ ಟೀಕಿಸುವುದನ್ನು ಅವರು ಬಿಡಲಿಲ್ಲ. ೧೯೨೪ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿಗೆ ಮಹಾಪ್ರವಾಹ ಬಂದು, ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ಈಜಿಸಿ ಕಾಪಾಡಿದರು. ಆದರೆ ಕೆಲವು ನಾಯಿಗಳು ಭಯದಿಂದ ಕಲಿತ ಪಾಠವನ್ನೆಲ್ಲ ಕಳೆದುಕೊಂಡವು. ಭಯವು ಶಿಕ್ಷಕನಲ್ಲ, ಕಲಿತದ್ದನ್ನು ಅಳಿಸುವ ಪ್ರವಾಹವೆಂದು ನಾನು ಇದರಿಂದ ತಿಳಿದೆ. ೧೯೩೬ರ ಫೆಬ್ರವರಿ ೨೭ರಂದು, ೮೬ನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಆ ಮಹನೀಯರು ಕಾಲವಾದರು.

ಒಂದು ಮಾತನ್ನು ಮುಚ್ಚಿಡಬಾರದು. ಈ ಜ್ಞಾನಕ್ಕಾಗಿ ಅಸಂಖ್ಯಾತ ನಾಯಿಗಳು ಕತ್ತಿಗೆ ಮೈಯೊಡ್ಡಿದವು, ಅನೇಕವು ಸತ್ತವು. ಭೈರನ ತಲೆ ಸವರುವಾಗ ಅದು ನನ್ನ ನೆನಪಿಗೆ ಬರುತ್ತದೆ. ಪಾವ್ಲೋವರಿಗೂ ಈ ಋಣದ ಅರಿವಿತ್ತೆಂದು ತೋರುತ್ತದೆ. ೧೯೩೫ರಲ್ಲಿ, ಅವರಿನ್ನೂ ಬದುಕಿದ್ದಾಗಲೇ, ಅವರ ಸಂಸ್ಥೆಯ ಅಂಗಳದಲ್ಲಿ ನಾಯಿಗೊಂದು ಸ್ಮಾರಕ ಎದ್ದಿತು.

ನಾಯಿಗೆ ಸ್ಮಾರಕವೇ ಎಂದು ಅಚ್ಚರಿಪಡುವವರು ನಮ್ಮ ನಾಡಿನ ಆತಕೂರಿನ ಶಾಸನವನ್ನು ನೆನೆಯಬೇಕು. ಕ್ರಿ. ಶ. ೯೪೯-೫೦ರ ಆ ಕಲ್ಲಿನಲ್ಲಿ, ಗಂಗ ಬೂತುಗನಿಂದ ಮಣಲೆರನೆಂಬ ವೀರನು ಬೇಡಿ ಪಡೆದ ಕಾಳಿ ಎಂಬ ನಾಯಿಯು ಹಂದಿಯೊಡನೆ ಹೋರಾಡಿ ಸತ್ತ ಕಥೆಯಿದೆ. ಸಂಪತ್ತನ್ನು ಕೇಳಬಹುದಾದಲ್ಲಿ ನಾಯಿಯನ್ನು ಕೇಳಿದ ಆ ವೀರನಿಗೆ ಅದರ ಬೆಲೆ ಗೊತ್ತಿತ್ತು.

ಭೈರನಿಗೆ ಕಲ್ಲು ನಿಲ್ಲಿಸುವ ಶಕ್ತಿ ನನಗಿಲ್ಲ. ಆದರೆ ಮೊನ್ನೆ ಸಂಜೆ ಪಕ್ಕದ ಮನೆಯ ಕೋಳಿಗಳು ಹಿತ್ತಲಿಗೆ ಬಂದಿದ್ದಾಗ, ಅವನು ಮೈ ಬಿಗಿದು ನೋಡುತ್ತಿದ್ದ. ನಾನು ಎರಡು ಬಾರಿ ಲೊಚಗುಟ್ಟಿದೆ. ಒಂದು ಕ್ಷಣ ತಡೆದು, ತಿರುಗಿ, ಓಡಿ ಬಂದ. ಆಗ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದ ಅಪ್ಪ ಏನೂ ಹೇಳದೆ ಒಳಗೆ ಹೋಗಿ, ಒಂದು ಚೂರು ರೊಟ್ಟಿ ತಂದು ನನ್ನ ಕೈಗೆ ಕೊಟ್ಟರು.