ಆನೆ ಡಾಕ್ಟರ್ ಕೃಷ್ಣಮೂರ್ತಿ

ಗೊರೂರಿನಿಂದ ಹೇಮಾವತಿ ನದಿಯ ಮೇಲ್ಭಾಗಕ್ಕೆ ಹೋದರೆ ಆಲೂರು, ಸಕಲೇಶಪುರ ಸಿಗುತ್ತವೆ. ಅಲ್ಲಿಯ ಮಕ್ಕಳಿಗೆ ಕಾಡಾನೆ ಹೊಸದಲ್ಲ. ಕಾಡಿನಲ್ಲಿ ಆನೆಯೊಂದು ಸತ್ತರೆ ಕಾರಣ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಾಳಿದವರು ಡಾ. ವಿ. ಕೃಷ್ಣಮೂರ್ತಿ.

ಇವರು ತಮಿಳುನಾಡು ಅರಣ್ಯ ಇಲಾಖೆಯ ಪಶುವೈದ್ಯರು. ನಮ್ಮ ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೈಯ ಶಿಬಿರದಲ್ಲಿ ಸಾಕಾನೆಗಳಿಗೆ ಚಿಕಿತ್ಸೆ ನೀಡಿದರು. ಕಾಡಾನೆ ಸತ್ತರೆ, ಹೆಣ ಕೊಳೆತು ನಾರುತ್ತಿದ್ದರೂ, ಕೊಯ್ದು ಪರೀಕ್ಷಿಸುತ್ತಿದ್ದರು. ಏಕೆ ಗೊತ್ತೇ? ದಂತಕ್ಕಾಗಿ ಗುಂಡಿಟ್ಟು ಕೊಂದಿದ್ದರೆ ದೇಹದೊಳಗೆ ಗುಂಡು ಸಿಗಬಹುದು. ರೋಗ ಬಂದಿದ್ದರೆ ಶ್ವಾಸಕೋಶ, ಕರುಳುಗಳಲ್ಲಿ ಅದರ ಗುರುತು ಕಾಣಬಹುದು.

ಏಷ್ಯಾದ ಆನೆಗಳಲ್ಲಿ ಉದ್ದನೆಯ ದಂತ ಇರುವುದು ಗಂಡಿಗೆ ಮಾತ್ರ. ಆದ್ದರಿಂದ ದಂತಚೋರರಿಗೆ ಬಲಿಯಾಗುವುದು ಹೆಚ್ಚಾಗಿ ಗಂಡಾನೆಗಳೇ. ಅವು ತೀರಾ ಕಡಿಮೆಯಾದರೆ ಮರಿಗಳೂ ಕಡಿಮೆಯಾಗುತ್ತವೆ. ಸಾವಿನ ಕಾರಣ ತಿಳಿದರೆ ತಾನೇ ಉಳಿದ ಆನೆಗಳನ್ನು ಕಾಪಾಡಲು ಸಾಧ್ಯ?

ಶಿಬಿರದ ಆನೆಗಳ ಹುಟ್ಟು, ಸಾವಿನ ದಾಖಲೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಆರ್. ಸುಕುಮಾರ್ ಮೊದಲಾದವರೊಂದಿಗೆ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು. 2002ರಲ್ಲಿ ನಿಧನರಾದರು.

ಮಕ್ಕಳೇ, ಹಸು, ಕುರಿ ಸತ್ತಾಗ ಕಾರಣವನ್ನು ಹೇಗೆ ಪತ್ತೆ ಮಾಡುತ್ತಾರೆ? ನಿಮ್ಮೂರಿನ ಪಶುವೈದ್ಯರನ್ನು ಕೇಳಿ ತಿಳಿಯಿರಿ.