ನೈಜರ್ ತೀರದ ಬಿಶಪ್ ಸಮುವೇಲ್ ಕ್ರೌದರ್

ಪರದೇಶದಿಂದ ಕೆಲವು ಕಾಲದ ಮಟ್ಟಿಗೆ ಬಂದವರು ದೇಶೀಯ ಸಭಾಪಾಲಕರಿಗೆ ಎಷ್ಟು ನೆರವಾಗಬಲ್ಲರು, ಎಷ್ಟು ನೋವನ್ನುಂಟುಮಾಡಬಲ್ಲರು ಎಂಬುದನ್ನು ತಿಳಿಯಬೇಕಾದರೆ ಪಶ್ಚಿಮ ಆಫ್ರಿಕದ ಸಮುವೇಲ್ ಅಜಾಯಿ ಕ್ರೌದರರ ಜೀವಿತವನ್ನು ನೋಡಬೇಕು. ನಮ್ಮ ಶಾಲೆಯನ್ನು ಬಿಟ್ಟು ಈಗ ಉಪಾಧ್ಯಾಯಿನಿಯರಾಗಿಯೂ ಬೋಧಕರ ಪತ್ನಿಯರಾಗಿಯೂ ಊರೂರುಗಳಲ್ಲಿರುವ ಪ್ರಿಯ ವಿದ್ಯಾರ್ಥಿನಿಯರಿಗಾಗಿ ಅದನ್ನು ಇಲ್ಲಿ ಸಂಗ್ರಹವಾಗಿ ಬರೆದಿದ್ದೇವೆ.

ಈಗ ನೈಜೀರಿಯವೆನಿಸಿಕೊಳ್ಳುವ ದೇಶದ ಯೊರುಬ ನಾಡಿನಲ್ಲಿ, ಒಶೋಗುನ್ ಎಂಬ ಊರಿನಲ್ಲಿ, ಸುಮಾರು 1809ರಲ್ಲಿ ಅಜಾಯಿಯು ಹುಟ್ಟಿದನು. 1821ರಲ್ಲಿ ಶತ್ರುಗಳ ದಂಡು ಆ ಊರಿಗೆ ಬೆಂಕಿಯಿಟ್ಟು, ಬಾಲಕನನ್ನೂ ತಾಯಿಯನ್ನೂ ತಂಗಿಯರನ್ನೂ ಕೊರಳಿಗೆ ಹಗ್ಗ ಬಿಗಿದು ಎಳೆದೊಯ್ದಿತು. ತಾಯಿಮಕ್ಕಳು ಅಗಲಿದರು. ಒಮ್ಮೆ ಕುದುರೆಗೆ ಬದಲಾಗಿ ಕೊಡಲ್ಪಟ್ಟು, ಕೈಯಿಂದ ಕೈಗೆ ಮಾರಲ್ಪಟ್ಟು, ಕಡೆಗೆ ಅವನು ಪೋರ್ತುಗೀಸರ ದಾಸರ ಹಡಗನ್ನೇರಿದನು. 1822ರಲ್ಲಿ ಇಂಗ್ಲಿಷ್ ನೌಕಾದಳದವರು ಆ ಹಡಗನ್ನು ಹಿಡಿದು, ದಾಸರನ್ನು ಬಿಡಿಸಿ ಸಿಯೆರ ಲಿಯೋನಿನಲ್ಲಿ ಇಳಿಸಿದರು. ಅಲ್ಲಿಯ ಮಿಶನ್ ಶಾಲೆಯಲ್ಲಿ ಓದನ್ನೂ ಬಡಗಿಯ ಕೆಲಸವನ್ನೂ ಕಲಿತು, 1825ರಲ್ಲಿ ದೀಕ್ಷಾಸ್ನಾನ ಹೊಂದಿ, ಸಮುವೇಲ್ ಕ್ರೌದರ್ ಎಂಬ ಹೆಸರನ್ನು ಪಡೆದನು. 1827ರಲ್ಲಿ ಫೌರಾ ಬೇ ವಿದ್ಯಾಶಾಲೆಯು ಆರಂಭವಾದಾಗ ಅದರ ಮೊದಲನೆಯ ವಿದ್ಯಾರ್ಥಿಗಳಲ್ಲಿ ಅವನೊಬ್ಬನು. ಅವನು ಮದುವೆಯಾದ ಸುಸಾನಳೂ ದಾಸ್ಯದಿಂದ ಬಿಡಿಸಲ್ಪಟ್ಟವಳೇ, ಆಕೆಯೂ ಉಪಾಧ್ಯಾಯಿನಿಯಾಗಿದ್ದಳು. ಚರಿತ್ರಕಾರರು ಆಕೆಯ ವಿಷಯವಾಗಿ ಇನ್ನೂ ಹೆಚ್ಚು ಬರೆದಿದ್ದರೆ ನಮ್ಮಂಥವರಿಗೆ ಸಂತೋಷವಾಗುತ್ತಿತ್ತು.

1841ರಲ್ಲಿ ನೈಜರ್ ನದಿಯ ಮೇಲೆ ಇಂಗ್ಲೆಂಡಿನವರು ಹಬೆಹಡಗುಗಳಲ್ಲಿ ಒಂದು ಯಾತ್ರೆಯನ್ನು ಕೈಕೊಂಡರು. ಕ್ರೌದರರೂ ಶೋನ್ ಎಂಬ ಮಿಶನರಿಯೂ ಜೊತೆಗೆ ಹೋದರು. ಯಾತ್ರೆಗೆ ಹೊರಟಿದ್ದ ಸುಮಾರು 150 ಯೂರೋಪಿಯನರಲ್ಲಿ 40ಕ್ಕೂ ಹೆಚ್ಚು ಮಂದಿ ಅಲ್ಪಕಾಲದಲ್ಲೇ ಸತ್ತರು; ಹೆಚ್ಚಿನವರು ಜ್ವರಕ್ಕೆ ಬಲಿಯಾದವರು. ಆ ಯಾತ್ರೆಯು ಕೆಟ್ಟಿತೆಂದು ಲೋಕವು ಹೇಳಿತು. ಆದರೆ ಒಂದು ಮಾತು ಅದರಿಂದ ಸ್ಪಷ್ಟವಾಯಿತು: ಆಫ್ರಿಕದ ಒಳನಾಡಿನಲ್ಲಿ ಸುವಾರ್ತೆಯನ್ನು ಸಾರಬೇಕಾದವರು ಆಫ್ರಿಕದವರೇ. 1843ರಲ್ಲಿ ಕ್ರೌದರರಿಗೆ ಲಂಡನಿನಲ್ಲಿ ಸಭಾಪಾಲಕರ ಅಭಿಷೇಕವಾಯಿತು. ಚರ್ಚ್ ಮಿಶನರಿ ಸೊಸೈಟಿಯ ಕಾರ್ಯದರ್ಶಿಗಳಾದ ಹೆನ್ರಿ ವೆನ್ ಅವರು ಅಂದಿನಿಂದ ಅವರ ಬೆನ್ನಿಗೆ ನಿಂತರು. ದೇಶೀಯ ಸಭೆಯು ತನ್ನ ಖರ್ಚನ್ನು ತಾನೇ ಹೊತ್ತು, ತನ್ನ ಆಡಳಿತವನ್ನು ತಾನೇ ನಡೆಸಬೇಕೆಂಬುದು ವೆನ್ನರ ದೃಢವಾದ ಮತವು.

1846ರಲ್ಲಿ ಅಬೆಓಕುಟ ಪಟ್ಟಣದಲ್ಲಿ ಕ್ರೌದರರಿಗೆ ತಮ್ಮ ತಾಯಿಯು ದೊರೆತಳು. ಅಗಲಿ 25 ವರ್ಷಗಳಾಗಿದ್ದವು. ತಾಯಿಮಕ್ಕಳು ಬಹಳ ಹೊತ್ತಿನವರೆಗೆ ಬಾಯಿಬಿಡಲಾರದೆ ಒಬ್ಬರನ್ನೊಬ್ಬರು ನೋಡುತ್ತಲೇ ಕುಳಿತರೆಂದು ತಿಳಿದುಬರುತ್ತದೆ. 1848ರಲ್ಲಿ ಆಕೆಯು ದೀಕ್ಷಾಸ್ನಾನ ಹೊಂದಿದಾಗ ಆಕೆಗಿಟ್ಟ ಹೆಸರು ಹನ್ನ. ಸಮುವೇಲನ ತಾಯಿಗೆ ಬೇರೆ ಯಾವ ಹೆಸರು ಒಪ್ಪೀತು!

ಯೊರುಬ ಭಾಷೆಯಲ್ಲಿ ಸ್ವರವು ಏರಿದರೆ ಒಂದರ್ಥ, ಇಳಿದರೆ ಮತ್ತೊಂದರ್ಥ. ಕ್ರೌದರರು ಅದಕ್ಕೆ ಶಬ್ದಕೋಶವನ್ನೂ ವ್ಯಾಕರಣವನ್ನೂ ರಚಿಸಿ, ಹಿರಿಯರ ಬಾಯಿಂದ ಶಬ್ದಗಳನ್ನೂ ಗಾದೆಗಳನ್ನೂ ಕೂಡಿಸಿ, ಸತ್ಯವೇದದ ಭಾಷಾಂತರಕ್ಕೆ ಮುಂದಾಳಾಗಿ ದುಡಿದರು. 1864ರಲ್ಲಿ ಕ್ಯಾಂಟರ್ಬರಿಯ ಮಹಾದೇವಾಲಯದಲ್ಲಿ ಅವರಿಗೆ ಬಿಶಪ್ ಪದವಿಯು ದೊರೆಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಆಫ್ರಿಕದವರಲ್ಲಿ ಅವರೇ ಮೊದಲಿಗರು. ನಮ್ಮ ಭಾರತದಲ್ಲಿ ಅಜರಯ್ಯನವರು ಹಾಗೆ ಮೊದಲಿಗರಾದದ್ದು 1912ರಲ್ಲಿ, ಅಂದರೆ 48 ವರ್ಷಗಳ ತರುವಾಯ. ಹೀಗಿದ್ದರೂ ಕ್ರೌದರರ ಸ್ವಂತ ಯೊರುಬ ನಾಡಿನಲ್ಲಿದ್ದ ಯೂರೋಪಿಯನ್ ಮಿಶನರಿಗಳು ಅವರ ಅಧಿಕಾರಕ್ಕೆ ಒಳಪಡಲು ಒಪ್ಪಲಿಲ್ಲ. ಆದುದರಿಂದ ಅವರ ಮುಖ್ಯವಾದ ಕಾರ್ಯಕ್ಷೇತ್ರವು ನೈಜರ್ ತೀರವಾಯಿತು.

ಅಲ್ಲಿ ಅವರ ಕೈಕೆಳಗೆ ಕೆಲಸಮಾಡಿದವರು ಬಹುಮಟ್ಟಿಗೆ ಸಿಯೆರ ಲಿಯೋನಿನಿಂದ ಬಂದ ಸಭಾಪಾಲಕರೂ ಉಪಾಧ್ಯಾಯರೂ. ನದಿಯ ದಡದ ಊರುಗಳಲ್ಲಿ ಅವರು ತಿಂಗಳುಗಟ್ಟಲೆ ಒಂಟಿಯಾಗಿರಬೇಕಾಗಿತ್ತು. ಅಲ್ಲಿಯ ಭಾಷೆಗಳೂ ಅನೇಕರಿಗೆ ಹೊಸವು. ಬಿಶಪ್ಪರಿಗೆ ಸ್ವಂತ ಹಡಗಿಲ್ಲದೆ, ನದಿಯಲ್ಲಿ ನೀರೇರಿದಾಗ ವ್ಯಾಪಾರಿಗಳ ಹಡಗನ್ನೇ ಕಾದು ಪ್ರಯಾಣಮಾಡಬೇಕಾಗುತ್ತಿತ್ತು. ಇಂಥ ಸ್ಥಿತಿಯಲ್ಲಿ ಕೆಲವರು ತಪ್ಪಿನಡೆದದ್ದುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ.

ವೆನ್ನರು 1873ರಲ್ಲಿ ತೀರಿಕೊಂಡರು. ಮುಂದೆ ಇಂಗ್ಲೆಂಡಿನಿಂದ ಕೆಲವು ಯುವಕ ಮಿಶನರಿಗಳು ಬಂದರು. ಅವರು ಭಕ್ತರೇ, ಪ್ರಾಣವನ್ನು ಕೊಡಲು ಸಿದ್ಧರಾದವರೇ. ಆದರೆ ಬಂದು ಬಹುಕಾಲವಾಗುವ ಮೊದಲೇ, ನಾಡಿನ ಕಷ್ಟವನ್ನು ಪೂರ್ತಿ ಅರಿಯದೆ, ತೀರ್ಪುಮಾಡಲು ಕುಳಿತರು. 1890ರಲ್ಲಿ ಒನಿಟ್ಶದಲ್ಲಿ ಸೇರಿದ ಕಮಿಟಿಯಲ್ಲಿ, ಎಂಬತ್ತರ ಮುಪ್ಪಿನ ಬಿಶಪ್ಪರ ಎದುರಿನಲ್ಲೇ, ಅವರ ಅಧಿಕಾರವನ್ನು ಲೆಕ್ಕಿಸದೆ, ಹಲವು ದೇಶೀಯ ಸಭಾಪಾಲಕರನ್ನು ಕೆಲಸದಿಂದ ತಡೆದರು. ತಪ್ಪಿತಸ್ಥರ ಜೊತೆಗೆ ನಿರಪರಾಧಿಗಳೂ ನೊಂದರು. ಕ್ರೌದರರು ತಮ್ಮವರ ಪಕ್ಷವನ್ನು ಬಿಡದೆ, ಆ ಕಮಿಟಿಯಿಂದ ತಾವೇ ಹೊರಬಂದರು. ತೀರ್ಪುಮಾಡಿದ ಯುವಕರ ಮುಖಂಡರಿಬ್ಬರನ್ನು ಎರಡು ವರ್ಷದೊಳಗೆ ಆ ನಾಡೇ ನುಂಗಿತು.

1891ನೆಯ ಡಿಸೆಂಬರ್ 31ರಂದು ಕ್ರೌದರರು ಲಾಗೋಸಿನಲ್ಲಿ ನಿಧನರಾದರು. ಅವರ ಪೀಠಕ್ಕೆ ಆಫ್ರಿಕದವನಲ್ಲ, ಇಂಗ್ಲಿಷಿನವನೇ ಬಂದನು. 2014ರಲ್ಲಿ, ಅಭಿಷೇಕವಾಗಿ 150 ವರ್ಷಗಳು ತುಂಬಿದಾಗ, ಅದೇ ಕ್ಯಾಂಟರ್ಬರಿಯ ದೇವಾಲಯದಲ್ಲಿ ಆರ್ಚ್‌ಬಿಶಪ್ಪರು ಈ ಅನ್ಯಾಯಕ್ಕಾಗಿ ಕ್ಷಮೆ ಬೇಡಿದರು. ನೈಜರ್ ನದೀಮುಖದ ಸಭೆಗಳವರು ಮಾತ್ರ ಅಷ್ಟು ಕಾಲ ಕಾಯಲಿಲ್ಲ. 1892ರಲ್ಲಿಯೇ ಅವರು ಬಿಶಪ್ಪರ ಮಗನಾದ ಡ್ಯಾಂಡಿಸನ್ ಕ್ರೌದರರನ್ನು ಮುಂದಿಟ್ಟುಕೊಂಡು, ತಮ್ಮ ಸಭಾಪಾಲಕರ ಸಂಬಳವನ್ನು ತಾವೇ ಹೊತ್ತು, ಸೊಸೈಟಿಯ ಹಣವಿಲ್ಲದೆ ಸಭೆಯನ್ನು ನಡೆಸತೊಡಗಿದರು.